ಹುಲಿಗೆಮ್ಮನ ಫ್ರೀಜರು ಕೆಟ್ಟ ಬೇಸಿಗೆ

ಸುಟ್ಟುಹೋದ ಕಂಪ್ರೆಸರನ್ನು ಕೊಯ್ದಾಗ ಒಳಗಿನ ಎಣ್ಣೆ ಕಪ್ಪಗೆ ಸುರಿಯುತ್ತದೆ. ಅದಕ್ಕೊಂದು ಹುಳಿ ವಾಸನೆ. ಒಮ್ಮೆ ಮೂಗಿಗೆ ಹತ್ತಿದರೆ ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಫ್ರಿಜ್ ರಿಪೇರಿ ಮಾಡುತ್ತಿರುವ ನನಗೆ ಇದೇನೂ ಹೊಸದಲ್ಲ. ಆದರೆ ಕಳೆದ ವಾರ ಯಾರೋ ಹಡಗಲಿಯ ನನ್ನ ಅಂಗಡಿಗೆ ಒಂದು ಹಳೇ ಐಸ್‌ಕ್ರೀಮ್ ಪೆಟ್ಟಿಗೆ ತಂದಿಳಿಸಿದರು. ಅದರ ಕಂಪ್ರೆಸರ್ ಕೊಯ್ಯುತ್ತಿದ್ದಾಗ ಆ ಹುಳಿ ವಾಸನೆಯ ಜೊತೆಗೆ ಕೊಳೆತ ಮೀನಿನ ನಾತವೂ ಬಂದಂತಾಯಿತು. ಅಂಗಡಿಯಲ್ಲಿ ಮೀನಿರಲಿಲ್ಲ, ಸುತ್ತ ಎಲ್ಲೂ ಇರಲಿಲ್ಲ. ಗರಗಸ ಕೆಳಗಿಟ್ಟು ಹೊರಗಿನ ಕಟ್ಟೆಯ ಮೇಲೆ ಬಂದು ಕುಳಿತೆ. ಐದು ವರ್ಷದ ಹಿಂದಿನ ಆ ಬೇಸಿಗೆ ಪೂರ್ತಿಯಾಗಿ ಎದುರಿಗೆ ಬಂತು.

ಆ ವರ್ಷ ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಮಧ್ಯಾಹ್ನದ ಹೊತ್ತು ರಸ್ತೆಯ ಮೇಲೆ ನಾಯಿ ಕೂಡ ಕಾಣಿಸುತ್ತಿರಲಿಲ್ಲ. ಬಿಸಿಲು ಹೆಚ್ಚಾದಷ್ಟೂ ನನಗೆ ಕೆಲಸ ಹೆಚ್ಚು. ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅಂಗಡಿಯ ಮುಂದೆ ಬಂದು ನಿಂತಳು. ಎತ್ತರದ ಆಳು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದಳು. ಎಡ ಹುಬ್ಬಿನ ಮೇಲೆ ಎರಡು ಬೆರಳಗಲದ ಗಾಯ. ಅದಕ್ಕೆ ಅರಿಶಿನ ಮೆತ್ತಿದ್ದರೂ ಅಂಚಿನಲ್ಲಿ ರಕ್ತ ಒಣಗಿತ್ತು.

"ಫ್ರಿಜ್ ಮಾಡೋರು ನೀವೇ ಏನ್ರಿ?"

"ನಾನೇ ಅಕ್ಕಾ. ಹಣಿಗೆ ಏನಾತು?"

"ಹಣಿ ಇರ್ಲಿ. ನನ್ನ ಪೆಟ್ಟಿಗಿ ಗುಂಯ್ ಅಂತೈತಿ, ತಣ್ಣಗ ಮಾತ್ರ ಆಗವಲ್ದು. ಮಾಗಳಕ್ಕ ಬಂದು ನೋಡ್ರಿ."

ಅವಳ ಹೆಸರು ಹುಲಿಗೆಮ್ಮ. ಮಾಗಳದಲ್ಲಿ ಹೊಳೆಗೆ ಬಲೆ ಹಾಕುವ ಮನೆತನ. ಗಂಡ ತೀರಿಕೊಂಡ ಮೇಲೆ ತಮ್ಮ ನಿಂಗಪ್ಪನ ಜೊತೆಗಿದ್ದಳು. ನಿಂಗಪ್ಪ ತೆಪ್ಪ ನಡೆಸಿ ಮೀನು ಹಿಡಿಯುತ್ತಿದ್ದ, ಅವನ ಹೆಂಡತಿ ಗಂಗವ್ವ ಮೀನು ಹಸನು ಮಾಡುತ್ತಿದ್ದಳು, ಹುಲಿಗೆಮ್ಮ ಮಾರುತ್ತಿದ್ದಳು. ಮಾರುತ್ತಿದ್ದಳು ಅನ್ನುವುದಕ್ಕಿಂತ ರುದ್ರಪ್ಪನಿಗೆ ಒಪ್ಪಿಸುತ್ತಿದ್ದಳು ಅನ್ನಬೇಕು. ರುದ್ರಪ್ಪ ಮೀನಿನ ವ್ಯಾಪಾರಿ. ಆ ದಂಡೆಯ ಉದ್ದಕ್ಕೂ ಐಸು ಇದ್ದದ್ದು ಅವನ ವ್ಯಾನಿನಲ್ಲಿ ಮಾತ್ರ. ನಸುಕಿನಲ್ಲಿ ಹಿಡಿದ ಮೀನು ಆ ಬಿಸಿಲಿಗೆ ಮಧ್ಯಾಹ್ನದೊಳಗೆ ಹಾಳಾಗುತ್ತದೆ. ಹಾಗಾಗಿ ಅವನು ಕೊಟ್ಟಷ್ಟು ತೆಗೆದುಕೊಳ್ಳಬೇಕು. ಬೇಡ ಅಂದವರ ಮೀನನ್ನು ಅವನು ಮುಟ್ಟುತ್ತಿರಲಿಲ್ಲ, ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಹುಲಿಗೆಮ್ಮ ಒಂದು ದಿನ ಕೊಟ್ಟೂರಿನ ಗುಜರಿ ಅಂಗಡಿಯಲ್ಲಿ ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯದೊಂದು ಹಳೆಯ ಫ್ರೀಜರ್ ನೋಡಿದ್ದಾಳೆ. ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದಿದ್ದಾಳೆ. ಎಂಟು ದಿನ ಅದು ಚೆನ್ನಾಗಿ ನಡೆದಿದೆ. ಆ ಎಂಟು ದಿನ ಅವಳು ರುದ್ರಪ್ಪನಿಗೆ ಒಂದು ಮೀನನ್ನೂ ಕೊಡದೆ, ತಾನೇ ಹಡಗಲಿ ಮತ್ತು ಹರಪನಹಳ್ಳಿಯ ಸಂತೆಗೆ ಹೊತ್ತುಕೊಂಡು ಹೋಗಿ ಮಾರಿದ್ದಾಳೆ. ಒಂಬತ್ತನೆಯ ದಿನ ರುದ್ರಪ್ಪ ತಕ್ಕಡಿಯ ಕಲ್ಲನ್ನು ಅವಳ ಮುಖಕ್ಕೆ ಬೀಸಿದ್ದಾನೆ. ಹತ್ತನೆಯ ದಿನ ಫ್ರೀಜರ್ ತಣ್ಣಗಾಗುವುದನ್ನು ನಿಲ್ಲಿಸಿದೆ. ದಾರಿಯುದ್ದಕ್ಕೂ ನನ್ನ ಬೈಕಿನ ಹಿಂದೆ ಕುಳಿತು ಇದನ್ನೆಲ್ಲ ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದಳು.

ಆ ಪೆಟ್ಟಿಗೆಯನ್ನು ನೋಡಿದ ಕೂಡಲೇ ನನಗೆ ಅದರ ಮೇಲೆ ಮನಸ್ಸಾಯಿತು. ಕನಿಷ್ಠ ನಲವತ್ತು ವರ್ಷದ್ದು. ಈಗಿನ ಪೆಟ್ಟಿಗೆಗಳು ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತವೆ. ಇದು ಕಬ್ಬಿಣದ ತಿಜೋರಿಯ ಹಾಗಿತ್ತು. ಒಬ್ಬ ಮನುಷ್ಯ ಕಾಲು ಮಡಚಿ ಮಲಗಬಹುದಾದಷ್ಟು ಉದ್ದ. ಮುಂದೆ ಕಂಪನಿಯ ಹೆಸರಿನ ಹಿತ್ತಾಳೆಯ ಅಕ್ಷರಗಳು, ಎರಡು ಉದುರಿಹೋಗಿದ್ದವು. ಮುಚ್ಚಳದ ಸ್ಪ್ರಿಂಗು ಮುರಿದಿದ್ದರಿಂದ ಜಾಲಿಯ ಕೋಲೊಂದನ್ನು ಆನಿಸಿ ನಿಲ್ಲಿಸಬೇಕಿತ್ತು. ಕಂಪ್ರೆಸರ್ ಮಾತ್ರ ವಯಸ್ಸಾದರೂ ಉಸಿರು ಕೆಡದ ಪೈಲ್ವಾನನ ಹಾಗೆ ಒಂದೇ ಸಮನೆ ನಡೆಯುತ್ತಿತ್ತು. ಗ್ಯಾಸು ಸುತ್ತುತ್ತಿದ್ದರೆ ಬಿಸಿಯಾಗಬೇಕಿದ್ದ ಹಿಂದಿನ ಜಾಲರಿ ಮುಟ್ಟಿದೆ, ಬಿಸಿ ಇರಲಿಲ್ಲ. ಒಳಗಿನ ಗ್ಯಾಸು ಪೂರ್ತಿ ಸೋರಿಹೋಗಿತ್ತು.

"ಹಳೇದು ಅಕ್ಕಾ. ಈಗ ಇದರ ಗ್ಯಾಸೇ ಸಿಗಂಗಿಲ್ಲ. ಹೊಸ ಗ್ಯಾಸು ಹಾಕಬೇಕಂದ್ರ ಒಳಗಿನ ಎಣ್ಣಿನೂ ಬದಲ್ ಮಾಡಬೇಕು."

"ಆಗತೈತೋ ಇಲ್ಲೋ, ಅಷ್ಟು ಹೇಳ್ರಿ."

"ಆಗತೈತಿ."

ಎರಡು ದಿನ ಹಿಡಿಯಿತು. ಪೈಪುಗಳಿಗೆ ಗಾಳಿ ತುಂಬಿ, ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚುತ್ತಾ ಹೋದೆ. ತಳದ ಒಂದು ಬೆಸುಗೆಯ ಹತ್ತಿರ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಉಪ್ಪು ನೀರು ಕುಡಿದು ತಾಮ್ರ ಅಲ್ಲಿ ತಿಂದುಹೋಗಿತ್ತು. ಆ ತುಂಡನ್ನು ತೆಗೆದು ಹೊಸದನ್ನು ಬೆಸೆದೆ, ಎಣ್ಣೆ ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಮುಂದೆ ಸುಲಭವಾಗಲಿ ಅಂತ ಗ್ಯಾಸು ತುಂಬಲು ಒಂದು ವಾಲ್ವು ಕೂರಿಸಿದೆ. ಸೈಕಲ್ಲಿನ ಟ್ಯೂಬಿಗೆ ಇರುವಂಥದೇ ಚಿಕ್ಕ ಪಿನ್ನು, ಮೇಲೊಂದು ಟೋಪಿ. ಕೆಲಸ ಮಾಡುವಾಗ ಗಂಗವ್ವ ಪಕ್ಕದಲ್ಲೇ ಕುಳಿತು ಮೀನಿನ ಪೊರೆ ತೆಗೆಯುತ್ತಿದ್ದಳು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ತವರು ಕಾನಹೊಸಹಳ್ಳಿ. ಮಾತು ಬಹಳ.

"ಅಣ್ಣಾ, ಇದರೊಳಗ ನಾನೂ ಹೋಗಿ ಕುಂದ್ರಬೇಕು ಅನಸ್ತೈತಿ. ಈ ಬಿಸಿಲಿಗೆ ನಾ ಮೀನಕ್ಕಿಂತ ಮೊದ್ಲ ಕೊಳಿತೀನಿ ನೋಡ್ರಿ."

ನಿಂಗಪ್ಪ ತೆಪ್ಪಕ್ಕೆ ಡಾಂಬರು ಬಳಿಯುತ್ತಾ ದೂರದಿಂದಲೇ, "ಬಾಯಿ ಮುಚ್ಚಿ ಕೆಲಸ ಮಾಡಲೇ" ಅಂದ. ತಮಾಷೆಗೆ ಅಂದದ್ದಲ್ಲ. ಅವಳು ಬಾಯಿ ಮುಚ್ಚಿದಳು. ಅವನ ಸಿಟ್ಟಿನ ಪರಿಚಯ ನನಗೆ ಮೊದಲು ಆದದ್ದು ಹಾಗೆ.

ಎರಡನೆಯ ದಿನ ಮಧ್ಯಾಹ್ನ ಪೆಟ್ಟಿಗೆಯ ಒಳಗೋಡೆಯ ಮೇಲೆ ಬಿಳಿ ಹಿಮ ಕಟ್ಟಿತು. ಹುಲಿಗೆಮ್ಮ ಒದ್ದೆ ಬೆರಳಿಟ್ಟಳು. ಬೆರಳು ಅಂಟಿಕೊಂಡಿತು. ಕಿತ್ತುಕೊಂಡು ಬಾಯಲ್ಲಿಟ್ಟುಕೊಂಡು ನಕ್ಕಳು. ಆ ನಗುವಿನ ನಡುವೆಯೇ ವ್ಯಾನಿನ ಸದ್ದು ಕೇಳಿಸಿತು.

ರುದ್ರಪ್ಪ ದಪ್ಪ ಮನುಷ್ಯನೇನಲ್ಲ. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಜೊತೆಗೆ ಇಬ್ಬರಿದ್ದರು. ನಿಂಗಪ್ಪ ಆಗಷ್ಟೇ ತಂದಿಟ್ಟಿದ್ದ ಮೀನಿನ ಬುಟ್ಟಿಯನ್ನು ಅವನು ಕಾಲಿನಿಂದ ಉರುಳಿಸಿದ. ಕಾಟ್ಲಾ ಮೀನುಗಳು ಮಣ್ಣಿನಲ್ಲಿ ಹೊರಳಾಡಿದವು. ನಿಂಗಪ್ಪ ಮುಂದೆ ನುಗ್ಗಿದ. ಇಬ್ಬರಲ್ಲಿ ಒಬ್ಬ ಹಿಂದಿನಿಂದ ಅವನ ಕೂದಲು ಹಿಡಿದು ಬಾಗಿಸಿದ, ಇನ್ನೊಬ್ಬ ಮೊಣಕಾಲಿನಿಂದ ಮುಖಕ್ಕೆ ಗುದ್ದಿದ. ಮೂಗಿನ ಎಲುಬು ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸುತ್ತಲ ಮನೆಗಳ ಬಾಗಿಲಲ್ಲಿ ಜನ ನಿಂತು ನೋಡುತ್ತಿದ್ದರು. ಯಾರೂ ಕೆಳಗಿಳಿಯಲಿಲ್ಲ.

ರುದ್ರಪ್ಪ ಫ್ರೀಜರಿನ ಮುಚ್ಚಳ ಎತ್ತಿ ಒಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. "ಛಲೋ ಮಾಡೀಯಪಾ" ಅಂದ. ಅಷ್ಟೇ ಅಂದು ಹೊರಟುಹೋದ.

ಸಂಜೆ ನಾಲ್ಕಕ್ಕೆ ನಾನು ಹಡಗಲಿಗೆ ಹೊರಟೆ. ಅರ್ಧ ದಾರಿಯಲ್ಲಿ ರಸ್ತೆಗೆ ಅಡ್ಡವಾಗಿ ಅದೇ ವ್ಯಾನು ನಿಂತಿತ್ತು. ಪಕ್ಕದಲ್ಲಿ ಮಲ್ಲಿಗೆ ತೋಟ. ಒಬ್ಬ ಮುದುಕ ಗಿಡಗಳಿಗೆ ನೀರು ಬಿಡುತ್ತಿದ್ದ. ಇಬ್ಬರು ನನ್ನನ್ನು ಬೈಕಿನಿಂದ ಎಳೆದು ಕೆಡವಿದರು. ಹೊಟ್ಟೆಗೆ, ಪಕ್ಕೆಗೆ ಒದ್ದರು. ಮುದುಕ ಒಮ್ಮೆ ನೋಡಿ, ಮೋಟರು ಬಂದ್ ಮಾಡಿ ತೋಟದ ಆಚೆಗೆ ನಡೆದುಬಿಟ್ಟ. ರುದ್ರಪ್ಪ ವ್ಯಾನಿನ ನೆರಳಿನಲ್ಲಿ ಕುಳಿತು ನನ್ನ ಸಾಮಾನಿನ ಚೀಲವನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಅವನ ಕೈಗೆ ಒಂದು ದಪ್ಪ ಇಕ್ಕಳ ಸಿಕ್ಕಿತು.

"ಇದು ಯಾತಕಪಾ?"

ನಾನು ಮಾತಾಡಲಿಲ್ಲ. ಇನ್ನೊಂದು ಒದೆ ಬಿತ್ತು.

"ತಾಮ್ರದ ಪೈಪು ಚಪ್ಪಟಿ ಮಾಡಾಕ್ರಿ" ಅಂದೆ.

"ಹೌದಾ?" ಅಂದವನೇ ನನ್ನ ಎಡಗೈಯನ್ನು ಹಿಡಿಸಿ, ಕಿರುಬೆರಳನ್ನು ಅದರ ಬಾಯಿಗೆ ಕೊಟ್ಟು ಒತ್ತಿದ. ನಿಧಾನವಾಗಿ ಒತ್ತಿದ. ನಾನು ಕಿರುಚಿದ್ದು ನನಗೇ ಬೇರೆ ಯಾರೋ ಕಿರುಚಿದ ಹಾಗೆ ಕೇಳಿಸಿತು. ಉಗುರು ಕಿತ್ತು ಬಂತು, ಒಳಗಿನ ಎಲುಬು ಪುಡಿಯಾಯಿತು.

"ಆ ಪೆಟ್ಟಿಗಿ ತಣ್ಣಗಿರಬಾರದು" ಅಂದ. "ನಾ ಒಡದ್ರ ಕೇಸು ಆಗತೈತಿ. ನೀ ಕೆಡಿಸಿದ್ರ ಹಳೇದು, ಕೆಟ್ಟೋತು ಅಂತಾರ. ನಿನ್ನ ಮಗಳು ಸೈಕಲ್ ಮ್ಯಾಲೆ ಸಾಲಿಗೆ ಹೋಗ್ತಾಳಲ್ಲ, ಕೆಂಪು ರಿಬ್ಬನ್ನು. ನಾ ದಿನಾ ನೋಡ್ತೀನಿ."

ಮನೆಯಲ್ಲಿ ಹೆಂಡತಿ ಶಾಂತಾಗೆ ಇಕ್ಕಳ ಜಾರಿತು ಅಂತ ಹೇಳಿದೆ. ಅವಳು ನಂಬಲಿಲ್ಲ. ಪಕ್ಕೆಯ ಮೇಲಿನ ಬೂಟಿನ ಗುರುತನ್ನು ನೋಡಿದಳು. ಮಗಳನ್ನು ಒಬ್ಬಳನ್ನೇ ಸ್ಕೂಲಿಗೆ ಕಳಿಸಬೇಡ ಅಂದೆ. ಅವತ್ತಿನಿಂದ ಮಗಳನ್ನು ಸ್ಕೂಲಿಗೆ ತಾನೇ ಬಿಟ್ಟುಬರತೊಡಗಿದಳು.

ಎರಡು ದಿನ ಬಿಟ್ಟು ನಾನು ಮಾಗಳಕ್ಕೆ ಹೋದೆ. ಗ್ಯಾಸಿನ ಒತ್ತಡ ನೋಡಿಹೋಗಲು ಬಂದೆ ಅಂದೆ. ಫ್ರೀಜರ್ ತುಂಬಿತ್ತು. ಬರುವ ಭಾನುವಾರ ಹರಪನಹಳ್ಳಿಯಲ್ಲಿ ಒಂದು ದೊಡ್ಡ ಊಟಕ್ಕೆ ಮೀನು ಒಪ್ಪಿಕೊಂಡಿದ್ದರಂತೆ. ನಿಂಗಪ್ಪ ಮುರಿದ ಮೂಗಿಗೆ ಪಟ್ಟಿ ಹಾಕಿಕೊಂಡೇ ಎರಡು ದಿನ ಹೊಳೆಯಲ್ಲಿದ್ದ. ಅದಷ್ಟೇ ಅಲ್ಲ. ಬಾಗಿಲಲ್ಲಿ ನಿಂತು ನೋಡಿದ್ದ ಅಕ್ಕಪಕ್ಕದ ಮೂರು ಮನೆಯವರು ಕೂಡ ಹಿತ್ತಲ ಕಡೆಯಿಂದ ಬಂದು ತಮ್ಮ ಮೀನನ್ನು ಅವಳ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದರು.

ಹುಲಿಗೆಮ್ಮ ನನ್ನ ಬೆರಳಿನ ಪಟ್ಟಿ ನೋಡಿದಳು. "ಏನಾತು ತಮ್ಮಾ?"

"ಇಕ್ಕಳ ಜಾರ್ತು ಅಕ್ಕಾ."

"ನನ್ನ ಕೆಲಸಕ್ಕ ಬಂದು ಹಿಂಗಾತು." ಅವಳು ನನ್ನನ್ನು ಊಟಕ್ಕೆ ಕೂರಿಸಿದಳು. ಜೋಳದ ರೊಟ್ಟಿ, ಬಾಳೆ ಮೀನಿನ ಸಾರು. ಒಂದೇ ಕೈಯಿಂದ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದುದನ್ನು ನೋಡಿ ಗಂಗವ್ವ ರೊಟ್ಟಿಯನ್ನು ಚೂರು ಮಾಡಿ ತಟ್ಟೆಗೆ ಹಾಕಿದಳು. "ನಮ್ಮಪ್ಪಗೂ ಹಿಂಗ ಮಾಡಿ ಕೊಡ್ತಿದ್ನಿ ಅಣ್ಣಾ. ಅವ್ನಿಗೂ ಒಂದು ಕೈ ಇರ್ಲಿಲ್ಲ" ಅಂದಳು.

ಊಟ ಮಾಡಿ ಕೈ ತೊಳೆದು ಪೆಟ್ಟಿಗೆಯ ಹಿಂದೆ ಹೋದೆ. ವಾಲ್ವಿನ ಟೋಪಿ ಬಿಚ್ಚಿ, ಪಿನ್ನನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಸೊಯ್ ಅಂತ ಸಣ್ಣ ಸದ್ದು ಬಂತು. ಬರಿಯ ಕಿವಿಗೆ ಕೇಳದಷ್ಟು ತೆಳುವಾಗುವವರೆಗೆ ಅದನ್ನು ಹದ ಮಾಡಿದೆ. ಅಷ್ಟು ಸೋರಿದರೆ ಎರಡು ದಿನದಲ್ಲಿ ಖಾಲಿ. ಟೋಪಿಯನ್ನು ಸಡಿಲವಾಗಿ ಹಾಕಿದೆ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ನಾನು ಅಷ್ಟು ನಾಜೂಕಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಭಾನುವಾರ ಬೆಳಿಗ್ಗೆ ಫೋನು ಬಂತು. ಹುಲಿಗೆಮ್ಮನ ದನಿ. "ಲಗೂನ ಬಾ ತಮ್ಮಾ." ಹೋಗದೆ ಇರಬಹುದಿತ್ತು. ಯಾಕೆ ಹೋದೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಹೋಗದಿದ್ದರೆ ನನ್ನ ಮೇಲೆ ಅನುಮಾನ ಬರುತ್ತದೆ ಅನ್ನುವ ಹೆದರಿಕೆಯೂ ಇತ್ತು.

ಊರ ಹೊರಗಿರುವಾಗಲೇ ನಾತ ಬಂತು. ಅಂಗಳದಲ್ಲಿ ಮುಚ್ಚಳ ತೆರೆದ ಪೆಟ್ಟಿಗೆ, ಒಳಗೆ ಕೆಂಪು ನೀರು, ಅದರ ಮೇಲೆ ಉಬ್ಬಿದ ಮೀನುಗಳು. ನೊಣಗಳ ಸದ್ದು ಕಂಪ್ರೆಸರಿನ ಸದ್ದಿಗಿಂತ ಜೋರಾಗಿತ್ತು. ಶನಿವಾರ ಪೂರ್ತಿ ಮೂವರೂ ಹೊಳೆಯಲ್ಲೇ ಇದ್ದರಂತೆ, ಯಾರೂ ಮುಚ್ಚಳ ತೆಗೆದಿರಲಿಲ್ಲ. ನಿಂಗಪ್ಪ ಹುಚ್ಚು ಹಿಡಿದವನ ಹಾಗೆ ತಿರುಗುತ್ತಿದ್ದ. ನನ್ನನ್ನು ಕಂಡದ್ದೇ ಕೂಗಿದ:

"ಕೊಟ್ರೇಶಣ್ಣ, ನೀ ಹೇಳು. ಮುಚ್ಚಳ ಸರಿಯಾಗಿ ಹಾಕದಿದ್ರ ಹಿಂಗ ಆಗತೈತೋ ಇಲ್ಲೋ?"

ಉತ್ತರ ಹೇಳುವುದು ಸುಲಭವಿತ್ತು. ಮುಚ್ಚಳ ಸಡಿಲವಿದ್ದರೆ ಇಷ್ಟು ಬೇಗ ಹೀಗಾಗುವುದಿಲ್ಲ ಅಂದರೆ ಸಾಕಿತ್ತು. "ನೋಡಬೇಕು" ಅಂದೆ.

ಆ ಮಾತನ್ನು ಅವನು ಹೌದು ಅಂತಲೇ ತಿಳಿದ. ಮುಚ್ಚಳಕ್ಕೆ ಆನಿಸಿದ್ದ ಜಾಲಿಯ ಕೋಲು ಕಿತ್ತುಕೊಂಡ. ಮುಚ್ಚಳ ಧಡ್ ಅಂತ ಬಿತ್ತು. ಗಂಗವ್ವ ಗೋಡೆಗೆ ಸರಿದು ನಿಂತಿದ್ದಳು.

"ಕಡೀಕ ಮೀನ ಇಟ್ಟಾಕಿ ನೀನ. ಮುಚ್ಚಳ ಹಾಕಿದ್ದೇನಲೇ?"

"ಹಾಕೀನಿ. ಅವ್ವನಾಣಿ ಹಾಕೀನಿ."

ಮೊದಲನೆಯ ಏಟು ಬೆನ್ನಿಗೆ ಬಿತ್ತು. ಅವಳು ಮುಂದಕ್ಕೆ ಮುಗ್ಗರಿಸಿ ನನ್ನ ಕಡೆ ತಿರುಗಿದಳು. ಎರಡನೆಯದು ಭುಜಕ್ಕೆ. ಮೂರನೆಯದನ್ನು ಅವಳು ಕೈಯಿಂದ ತಡೆದಳು, ಬಳೆಗಳು ಒಡೆದು ಮಣಿಕಟ್ಟಿನಿಂದ ರಕ್ತ ಇಳಿಯಿತು. ಒಂದೊಂದು ಏಟಿಗೂ ಅವನು ಅದೇ ಪ್ರಶ್ನೆ ಕೇಳುತ್ತಿದ್ದ, ಅವಳು ಅದೇ ಉತ್ತರ ಹೇಳುತ್ತಿದ್ದಳು. ಹುಲಿಗೆಮ್ಮ ಹಿತ್ತಲಿನಲ್ಲಿ ಕೊಳೆತ ಮೀನಿಗೆ ಗುಂಡಿ ತೋಡುತ್ತಿದ್ದವಳು ಗುದ್ದಲಿ ಬಿಸಾಕಿ ಓಡಿಬರುತ್ತಿದ್ದಳು. ನನ್ನ ಕೈಯಲ್ಲಿ ಸಾಮಾನಿನ ಚೀಲ ಹಾಗೇ ಇತ್ತು. ನಾಲ್ಕನೆಯ ಏಟು ಎಡಗಿವಿಗೆ ಬಿತ್ತು. ಆಗ ಗಂಗವ್ವ ಕೂಗಲಿಲ್ಲ. ಸುಮ್ಮನೆ ಕುಸಿದಳು. ಕಿವಿಯಿಂದ ಕತ್ತಿನವರೆಗೆ ರಕ್ತದ ಒಂದು ಎಳೆ ಇಳಿಯಿತು.

"ಬಿಡಪಾ ಆಕೀನ್ನ" ಅಂದೆ. "ಕೆಡಿಸಿದ್ದು ನಾನು."

ನಿಂಗಪ್ಪ ಕೋಲು ಎತ್ತಿದವನು ಹಾಗೇ ನಿಂತ. ಆಮೇಲೆ ನನ್ನ ಮೇಲೆ ಬಿದ್ದ. ಬಾಯಿಗೆ ಬಿದ್ದ ಏಟಿಗೆ ಮುಂದಿನ ಎರಡು ಹಲ್ಲು ಹೋದವು. ನೆಲಕ್ಕೆ ಬಿದ್ದ ಮೇಲೆ ಎದೆಯ ಮೇಲೆ ಕುಳಿತು ಗಂಟಲಿಗೆ ಕೋಲು ಅಡ್ಡ ಇಟ್ಟು ಒತ್ತಿದ. ನಾನು ಬಿಡಿಸಿಕೊಳ್ಳಲು ನೋಡಲಿಲ್ಲ. ಹುಲಿಗೆಮ್ಮ ಹಿಂದಿನಿಂದ ತಮ್ಮನ ಕೂದಲು ಹಿಡಿದು ಎಳೆದಳು, ಕಪಾಳಕ್ಕೆ ಎರಡು ಬಿಗಿದಳು, ಕೋಲು ಕಸಿದುಕೊಂಡಳು.

"ಹೇಣ್ತಿ ಅಲ್ಲಿ ಬಿದ್ದಾಳ, ನೋಡು. ಆಕೀ ಕಿವ್ಯಾಗ ರಕ್ತ ನೋಡು. ಮದ್ಲ ದವಾಖಾನಿಗೆ ಎತಗೊಂಡು ಹೋಗು."

ನಿಂಗಪ್ಪ ಆಗ ಹೆಂಡತಿಯನ್ನು ನೋಡಿದ. ಅವನ ಮುಖವನ್ನು ನಾನು ವರ್ಣಿಸಲಾರೆ. ಪಕ್ಕದ ಮನೆಯವನೊಬ್ಬ ನನ್ನ ಬೈಕು ತೆಗೆದುಕೊಂಡ. ನಡುವೆ ಗಂಗವ್ವನನ್ನು ಕೂರಿಸಿ, ಹಿಂದೆ ನಿಂಗಪ್ಪ ತಬ್ಬಿ ಹಿಡಿದುಕೊಂಡು ಹಡಗಲಿಯ ಆಸ್ಪತ್ರೆಗೆ ಹೋದರು.

ಹುಲಿಗೆಮ್ಮ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. "ಯಾಕ?" ಅಂದಳು.

ನಾನು ಬೆರಳಿನ ಪಟ್ಟಿ ಬಿಚ್ಚಿ ತೋರಿಸಿದೆ. ಕಪ್ಪಾಗಿ ಚಪ್ಪಟೆಯಾಗಿದ್ದ ಆ ಬೆರಳನ್ನು ಅವಳು ಬಹಳ ಹೊತ್ತು ನೋಡಿದಳು. ಮಗಳ ವಿಷಯವನ್ನೂ ಹೇಳಿದೆ.

"ನಂಗ ಹೇಳಬೇಕಿತ್ತು. ನನ್ನ ಮನ್ಯಾಗ ಉಂಡು, ಎದ್ದು ಹೋಗಿ ಮಾಡೀಯಲ್ಲ" ಅಂದಳು. ಅವಳು ಎದ್ದಳು. "ಏಳು. ಮಾರಿ ತೊಳಕೋ. ಮತ್ತ ಮಾಡು ಅದನ್ನ."

"ಈಗ?"

"ಈಗ. ನೀ ಮಾಡಾತನಕ ನಾ ಇಲ್ಲೇ ಕುಂತಿರ್ತೀನಿ."

ಕೊಳೆತದ್ದನ್ನೆಲ್ಲ ಇಬ್ಬರೂ ಸೇರಿ ಗುಂಡಿಗೆ ಸುರಿದೆವು. ಅವಳು ಪೆಟ್ಟಿಗೆಯನ್ನು ಬಿಸಿನೀರಿನಿಂದ ತೊಳೆದಳು. ನಾನು ಬಾಯಿಗೆ ಬಟ್ಟೆ ಕಚ್ಚಿಕೊಂಡು ಪೆಟ್ಟಿಗೆಯ ಹಿಂದೆ ಕುಳಿತೆ. ವಾಲ್ವನ್ನೇ ಕಿತ್ತುಹಾಕಿ, ಆ ಬಾಯಿಯನ್ನು ಬೆಸೆದು ಶಾಶ್ವತವಾಗಿ ಮುಚ್ಚಿಬಿಡಬೇಕು ಅಂತ ನಿರ್ಧರಿಸಿದ್ದೆ. ಹಾಗೆ ಮಾಡಿದರೆ ಮುಂದೆ ನಾನಾಗಲಿ ಮತ್ತೊಬ್ಬನಾಗಲಿ ಸುಲಭವಾಗಿ ಕೈ ಹಾಕಲಾಗದು. ಗ್ಯಾಸು ತುಂಬಿ, ಪೈಪು ಅಮುಕಿ ಕತ್ತರಿಸಿದೆ. ಅಮುಕಿದ್ದು ಅದೇ ಇಕ್ಕಳದಿಂದ. ಬೆಸೆಯಲು ಗ್ಯಾಸಿನ ಉರಿ ಹೊತ್ತಿಸಿದ ಹೊತ್ತಿಗೆ ವ್ಯಾನು ಬಂತು.

ರುದ್ರಪ್ಪ ಖುಷಿಯಲ್ಲಿದ್ದ. ಮೂಗಿಗೆ ಕರವಸ್ತ್ರ ಹಿಡಿದಿದ್ದ. "ಏನ್ ನಾತಬೇ ಹುಲಿಗೆವ್ವ! ಐಸು ಬೇಕಾ? ತಂದೀನಿ ನೋಡು."

ಹುಲಿಗೆಮ್ಮ ಕುಳಿತಲ್ಲಿಂದ ಏಳಲಿಲ್ಲ. ಅವನು ಹತ್ತಿರ ಬಂದ. ಪೆಟ್ಟಿಗೆಯ ಹಿಂದಿನ ಉರಿಯ ಸದ್ದು ಕೇಳಿಸಿ ಬಗ್ಗಿ ನೋಡಿದ. ನನ್ನ ಮುಖ ಕಂಡಿತು. ಏನಾಗುತ್ತಿದೆ ಅಂತ ತಿಳಿಯಿತು. ಜೊತೆಗಿದ್ದವರಿಗೆ ಕಣ್ಸನ್ನೆ ಮಾಡಿದ. ಒಬ್ಬ ವ್ಯಾನಿನಿಂದ ಹಾರೆಕೋಲು ತಂದು ಪೆಟ್ಟಿಗೆಯ ಹಿಂಬದಿಯ ಜಾಲರಿಗೆ ಕೊಟ್ಟು ಮೀಟಲು ಬಗ್ಗಿದ. ಆ ಜಾಲರಿ ಹರಿದರೆ ಮುಗಿಯಿತು, ಅಂಥದು ಇನ್ನೆಲ್ಲೂ ಸಿಗುವುದಿಲ್ಲ. ಯೋಚನೆ ಮಾಡಿದ್ದು ಅಷ್ಟೇ. ಕೈಯಲ್ಲಿದ್ದ ನೀಲಿ ಉರಿಯನ್ನು ಅವನ ತೋಳಿಗೆ ಹಿಡಿದೆ. ಕೂದಲು ಚಟಚಟ ಅಂದವು, ಚರ್ಮ ಬೆಂದ ವಾಸನೆ ಬಂತು. ಅವನು ಹಾರೆ ಬಿಟ್ಟು ಬೊಬ್ಬೆ ಹಾಕುತ್ತಾ ಹೊಳೆಯ ಕಡೆಗೆ ಓಡಿದ. ಇನ್ನೊಬ್ಬ ಎರಡು ಹೆಜ್ಜೆ ಮುಂದೆ ಬಂದ, ನನ್ನ ಕೈಯ ಉರಿಯನ್ನೂ ರಕ್ತ ಸುರಿಯುತ್ತಿದ್ದ ಬಾಯಿಯನ್ನೂ ನೋಡಿ ಅಲ್ಲೇ ನಿಂತ.

ಆ ಕ್ಷಣದಲ್ಲಿ ಹುಲಿಗೆಮ್ಮ ಎದ್ದಳು. ಜಾಲಿಯ ಕೋಲನ್ನು ಎರಡೂ ಕೈಯಿಂದ ಹಿಡಿದು, ಒನಕೆಯ ಪೆಟ್ಟು ಹಾಕುವ ಹಾಗೆ ಸೊಂಟದಿಂದ ಬಲ ತೆಗೆದು ರುದ್ರಪ್ಪನ ಮೊಣಕಾಲಿಗೆ ಹೊಡೆದಳು. ಅವನು ಬಿದ್ದ. ಬಿದ್ದವನ ಅದೇ ಕಾಲಿಗೆ ಮತ್ತೆ ಹೊಡೆದಳು. ಅವನು "ಯವ್ವಾ, ಬ್ಯಾಡಬೇ" ಅಂತ ಕೂಗಿದ. ಮೂರನೆಯ ಸಲ ಹೊಡೆದಳು. ಬಾಗಿಲುಗಳಲ್ಲಿ ನಿಂತಿದ್ದ ಜನ ಈ ಸಲ ಕೆಳಗಿಳಿದರು. ಅವಳನ್ನು ತಡೆಯಲು ಬಂದರೋ ಅವನನ್ನು ಮುಗಿಸಲು ಬಂದರೋ ನನಗೆ ತಿಳಿಯಲಿಲ್ಲ. ಒಬ್ಬ ಮುದುಕಿ ಕೊಳೆತ ಮೀನೊಂದನ್ನು ಗುಂಡಿಯಿಂದ ಎತ್ತಿ ತಂದು ಅವನ ಇಸ್ತ್ರಿ ಅಂಗಿಯ ಮೇಲೆ ಉಜ್ಜಿದಳು. ನಾಲ್ಕು ಜನ ಅವನ ವ್ಯಾನಿನ ಐಸನ್ನೆಲ್ಲ ಮಣ್ಣಿಗೆ ಸುರಿದರು. ಸಾಕು ಸಾಕು ಅಂತ ಕೊನೆಗೆ ಕೂಗಿದ್ದು ಹುಲಿಗೆಮ್ಮನೇ. ಕೂಗಿ, ಕೋಲು ಬಿಸಾಕಿ, ಪೆಟ್ಟಿಗೆಗೆ ಒರಗಿ ಕುಳಿತಳು.

"ಮುಗೀತಾ?" ಅಂತ ನನ್ನನ್ನು ಕೇಳಿದಳು.

ಇನ್ನೂ ಬೆಸೆಯುವುದು ಬಾಕಿ ಇತ್ತು. ಅವಳ ಬೆನ್ನಿನ ಹಿಂದೆ ಕುಳಿತು ಬೆಸೆದೆ.

ಠಾಣೆಯಲ್ಲಿ ಎರಡೂ ಕಡೆಯಿಂದ ಕೇಸಾಯಿತು. ನಾನು ಪಿನ್ನು ಸಡಿಲಿಸಿದ್ದು, ಬೆರಳು ಜಜ್ಜಿಸಿಕೊಂಡದ್ದು, ಉರಿ ಹಿಡಿದದ್ದು ಮೂರನ್ನೂ ಬರೆಸಿದೆ. ಓದಿ ಹೇಳಿ ಸಹಿ ಮಾಡಿಸಿಕೊಂಡರು. ಸಾಕ್ಷಿ ಹೇಳಲು ಮಾಗಳದಿಂದ ಹನ್ನೊಂದು ಜನ ಬಂದರು, ಅವರಲ್ಲಿ ಮಲ್ಲಿಗೆ ತೋಟದ ಆ ಮುದುಕನೂ ಇದ್ದ. ರುದ್ರಪ್ಪ ಕುಂಟುತ್ತಾ ಠಾಣೆಗೆ ಬಂದ, ರಾಜಿಗೆ ಅಂತ ಒಂದೆರಡು ಸಲ ಹಿರಿಯರನ್ನು ಕಳಿಸಿದ. ಆಮೇಲೆ ವ್ಯಾನನ್ನು ಮೇಲಿನ ಊರುಗಳ ಕಡೆ ತಿರುಗಿಸಿಕೊಂಡ. ಫ್ರೀಜರ್ ಆ ಮಳೆಗಾಲವಿಡೀ ಓಡಿತು, ಮರುವರ್ಷವೂ ಓಡಿತು. ಹುಲಿಗೆಮ್ಮ ನನ್ನನ್ನು ಮತ್ತೆ ಕರೆಯಲಿಲ್ಲ. ಅದು ಕೆಡಲಿಲ್ಲ ಅಂತಲೋ, ಕೆಟ್ಟರೂ ನಾನು ಬೇಡ ಅಂತಲೋ ಗೊತ್ತಿಲ್ಲ. ಸಂತೆಯಲ್ಲಿ ಎದುರಾದರೆ ತಲೆ ಅಲ್ಲಾಡಿಸುತ್ತಿದ್ದಳು, ಅಷ್ಟೇ.

ಗಂಗವ್ವನ ಎಡಗಿವಿ ಹೋಯಿತು. ಒಳಗಿನ ಪರದೆಯೂ ಎಲುಬೂ ಒಡೆದಿವೆ, ಏನೂ ಮಾಡಲು ಬರುವುದಿಲ್ಲ ಅಂದರಂತೆ. ಆಸ್ಪತ್ರೆಯಿಂದ ಅವಳು ಮಾಗಳಕ್ಕೆ ಹೋಗದೆ ನೇರ ಕಾನಹೊಸಹಳ್ಳಿಯ ಬಸ್ಸು ಹತ್ತಿದಳು. ನಿಂಗಪ್ಪ ನಾಲ್ಕು ಸಲ ಕರೆಯಲು ಹೋಗಿದ್ದನಂತೆ. ಅವಳು ಬಾಗಿಲಿಗೂ ಬರಲಿಲ್ಲವಂತೆ.

ಇದಾದ ಎರಡು ವರ್ಷಕ್ಕೆ ಕೂಡ್ಲಿಗಿಯ ಒಂದು ಬೇಕರಿಯ ಕೆಲಸ ಮುಗಿಸಿ ಬಸ್ಸು ಹತ್ತಿದವನು ಕಾನಹೊಸಹಳ್ಳಿಯಲ್ಲಿ ಇಳಿದಿದ್ದೆ. ಸುಮ್ಮನೆ ಇಳಿದೆ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಆ ದಾರಿಯಲ್ಲಿ ನನ್ನ ಊರಿಗೆ ಬಸ್ಸೇ ಇಲ್ಲ. ಹೆದ್ದಾರಿಯ ಪಕ್ಕ ಒಂದು ಮಿರ್ಚಿ ಮಂಡಕ್ಕಿಯ ಗಾಡಿ. ಬಾಣಲೆಯ ಮುಂದೆ ಗಂಗವ್ವ ನಿಂತಿದ್ದಳು, ಸ್ವಲ್ಪ ದಪ್ಪಗಾಗಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಕೇಳದೆಯೇ ಒಂದು ಪ್ಲೇಟು ಹಾಕಿ ಕೊಟ್ಟಳು. ಅವಳ ಪಕ್ಕದಲ್ಲಿ ನಿಂತು ತಿಂದೆ. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ತಟ್ಟೆ ಖಾಲಿಯಾದ ಮೇಲೆ, ನೆಲ ನೋಡುತ್ತಾ, ಎರಡು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ. ಪೂರ್ತಿಯಾಗಿ ಹೇಳಿದೆ. ತಲೆ ಎತ್ತಿದಾಗ ಅವಳು ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದುತ್ತಿದ್ದಳು.

"ಏನರ ಅಂದ್ರೇನಣ್ಣ? ಈ ಕಡಿ ಬಂದು ಹೇಳ್ರಿ. ಆ ಕಿವಿ ಇಲ್ಲ ನಂಗ."

ಗಾಡಿಯನ್ನು ಸುತ್ತಿಕೊಂಡು ಅವಳ ಬಲಗಡೆಗೆ ಬಂದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಉದ್ದ ಮಾತು ಬರಲಿಲ್ಲ. "ನಾ ಮೊದ್ಲ ಏಟಿಗೇ ಹೇಳಬೇಕಿತ್ತು ತಂಗೀ" ಅಂದೆ.

ಅವಳು ಮೆಣಸಿನಕಾಯಿಯನ್ನು ಎಣ್ಣೆಗೆ ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

"ಮೊದ್ಲ ಏಟು ಬಿದ್ದಾಗ ನಾ ನಿಮ್ಮ ಮಾರಿ ನೋಡಿದ್ನಿ" ಅಂದಳು. "ಆವಾಗ್ಲೇ ತಿಳೀತು, ಇದು ಇವ್ರ ಕೆಲಸ ಅಂತ. ಈಗ ಹೇಳ್ತಾರ, ಈಗ ಹೇಳ್ತಾರ ಅಂತ ಕಾದೆ."

ಗಿರಾಕಿಯೊಬ್ಬ ಎರಡು ಪ್ಲೇಟು ಅಂದ. ಅವಳು ಮಂಡಕ್ಕಿ ಹಾಕಲು ಆ ಕಡೆ ತಿರುಗಿದಳು.